ಭಾರದ ಪರೀಕ್ಷೆ ಮತ್ತು ಸಾರ್ವಜನಿಕ ಶಾಲೆ

ಬೋಧನಾಭ್ಯಾಸಕ್ಕೆ ಹೊರಡುವ ಮುನ್ನ ಮೌಲ್ಯಮಾಪನದ ಘಟಕ ಬಂದಾಗಲೆಲ್ಲ ನಮ್ಮ ಪ್ರಶಿಕ್ಷಣಾರ್ಥಿಗಳು ಕೇಳುವ ಪ್ರಶ್ನೆಯೊಂದಿದೆ: ಐದು, ಎಂಟನೆಯ ತರಗತಿಗಳಿಗೆ ಬೋರ್ಡ್ ಪರೀಕ್ಷೆ ಬೇಕೇ, ಬೇಡವೇ? ಕೇಳಿದ ಕೂಡಲೇ ತರಗತಿ ಎರಡು ಪಾಳಯವಾಗುತ್ತದೆ. ಪರೀಕ್ಷೆ ಇಲ್ಲದಿದ್ದರೆ ಮಕ್ಕಳೂ ಓದುವುದಿಲ್ಲ, ಮೇಷ್ಟರೂ ಕಲಿಸುವುದಿಲ್ಲ ಎಂದು ಒಂದು ಕಡೆ. ಹತ್ತು ವರ್ಷದ ಮಗುವಿಗೆ ಅಷ್ಟೊಂದು ಹೆದರಿಕೆ ಏಕೆ ಎಂದು ಇನ್ನೊಂದು ಕಡೆ. ಈ ವಾದವನ್ನು ಸ್ವಲ್ಪ ಬದಿಗಿಟ್ಟು ಬೇರೊಂದು ಪ್ರಶ್ನೆಯಿಂದ ಆರಂಭಿಸಿದರೆ ವಿಷಯ ತಿಳಿಯಾಗುತ್ತದೆ ಎಂಬುದು ನನ್ನ ಅನುಭವ. ಪರೀಕ್ಷೆ ಮುಗಿದ ಮೇಲೆ ಆ ಅಂಕವನ್ನು ಯಾರು, ಯಾವುದಕ್ಕೆ ಬಳಸುತ್ತಾರೆ?

ಪರೀಕ್ಷೆ ಯಾವಾಗ ಭಾರವಾಗುತ್ತದೆ?

ನಾಲ್ಕನೆಯ ತರಗತಿಯಲ್ಲಿ ಘಟಕ ಪರೀಕ್ಷೆ ಮಾಡಿ, ವ್ಯವಕಲನ ಬಾರದವರನ್ನು ಗುರುತಿಸಿ, ಮರುದಿನ ಅವರಿಗೆ ಮತ್ತೆ ಕಲಿಸಿದರೆ ಆ ಪರೀಕ್ಷೆಯ ಭಾರ ಹಗುರ. ಅದೇ ಅಂಕದ ಮೇಲೆ ಮಗು ಮುಂದಿನ ತರಗತಿಗೆ ಹೋಗಬೇಕೋ ಬೇಡವೋ, ಶಿಕ್ಷಕರಿಗೆ ನೋಟಿಸ್ ಕೊಡಬೇಕೋ ಬೇಡವೋ, ಶಾಲೆ ಉಳಿಯಬೇಕೋ ಮುಚ್ಚಬೇಕೋ ಎಂಬ ತೀರ್ಮಾನ ನಿಂತರೆ ಅದು ಭಾರದ ಪರೀಕ್ಷೆ. ಇಂಗ್ಲಿಷಿನಲ್ಲಿ 'ಹೈ-ಸ್ಟೇಕ್ಸ್' ಎನ್ನುವುದನ್ನು ಈ ಲೇಖನದಲ್ಲಿ ಹೀಗೆಯೇ ಕರೆಯುತ್ತೇನೆ. ಪ್ರಶ್ನೆಪತ್ರಿಕೆ ಎರಡರಲ್ಲೂ ಒಂದೇ ಇರಬಹುದು. ಭಾರ ಬರುವುದು ಫಲಿತಾಂಶದ ಬಳಕೆಯಿಂದ.

ಅಮೆರಿಕದ ಸಮಾಜವಿಜ್ಞಾನಿ ಡೊನಾಲ್ಡ್ ಕ್ಯಾಂಪ್‌ಬೆಲ್ 1976ರಲ್ಲಿ ಇದನ್ನು ಒಂದು ನಿಯಮವಾಗಿ ವಿವರಿಸಿದರು. ಯಾವುದೇ ಅಂಕಿ-ಅಂಶವನ್ನು ತೀರ್ಮಾನಗಳಿಗೆ ಹೆಚ್ಚು ಹೆಚ್ಚು ಆಧಾರ ಮಾಡಿಕೊಂಡಷ್ಟೂ ಅದನ್ನು ಕೆಡಿಸುವ ಒತ್ತಡ ಬೆಳೆಯುತ್ತದೆ; ಅದು ಅಳೆಯಬೇಕಾದ ಕೆಲಸವೂ ಕೆಡುತ್ತದೆ. ಇದು 'ಕ್ಯಾಂಪ್‌ಬೆಲ್ ನಿಯಮ' ಎಂದೇ ಹೆಸರಾಗಿದೆ. ಇದು ನಿಜವಾದದ್ದು ಹೇಗೆಂದು ತಿಳಿಯಲು ಅವರದೇ ದೇಶದ ಶಾಲೆಗಳನ್ನು ನೋಡಬೇಕು.

ಅಮೆರಿಕದಲ್ಲಿ ನಡೆದದ್ದು

2002ರ ಜನವರಿಯಲ್ಲಿ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ 'ನೋ ಚೈಲ್ಡ್ ಲೆಫ್ಟ್ ಬಿಹೈಂಡ್' ಕಾಯ್ದೆಗೆ ಸಹಿ ಹಾಕಿದರು. ಯಾವ ಮಗುವೂ ಹಿಂದುಳಿಯಬಾರದು ಎಂಬುದು ಹೆಸರಿನ ಅರ್ಥ. ಮೂರರಿಂದ ಎಂಟನೆಯ ತರಗತಿಯವರೆಗೆ ಪ್ರತಿ ವರ್ಷ, ಪ್ರೌಢಶಾಲೆಯಲ್ಲಿ ಒಮ್ಮೆ, ಓದು ಮತ್ತು ಗಣಿತದಲ್ಲಿ ಪರೀಕ್ಷೆ ಕಡ್ಡಾಯವಾಯಿತು. 2014ರ ಹೊತ್ತಿಗೆ ಶೇ. 100ರಷ್ಟು ಮಕ್ಕಳು ನಿಗದಿತ ಮಟ್ಟ ಮುಟ್ಟಬೇಕು ಎಂಬ ಗುರಿಯನ್ನೂ ಇಟ್ಟರು.

ಗುರಿ ತಪ್ಪಿದ ಶಾಲೆಗೆ ಮೆಟ್ಟಿಲು ಮೆಟ್ಟಿಲಾಗಿ ಕ್ರಮಗಳಿದ್ದವು. ಎರಡು ವರ್ಷ ತಪ್ಪಿದರೆ ಮಕ್ಕಳಿಗೆ ಬೇರೆ ಶಾಲೆಗೆ ಹೋಗುವ ಅವಕಾಶ ಕೊಡಬೇಕು. ಮೂರನೆಯ ವರ್ಷ ಹೊರಗಿನ ಸಂಸ್ಥೆಗಳಿಂದ ಮನೆಪಾಠ ಕೊಡಿಸಬೇಕು. ಇವುಗಳಲ್ಲಿ ಖಾಸಗಿ ಕಂಪನಿಗಳೂ ಇದ್ದವು. ಆಮೇಲೂ ಸುಧಾರಿಸದಿದ್ದರೆ ಕೊನೆಗೆ ಶಾಲೆಯ ಪುನರ್‌ರಚನೆ. ಸಿಬ್ಬಂದಿಯನ್ನು ಬದಲಿಸುವುದು, ಆಡಳಿತವನ್ನು ಖಾಸಗಿ ಸಂಸ್ಥೆಗೆ ವಹಿಸುವುದು, ಚಾರ್ಟರ್ ಶಾಲೆಯಾಗಿ ಪರಿವರ್ತಿಸುವುದು ಅದರ ದಾರಿಗಳು. ಚಾರ್ಟರ್ ಶಾಲೆ ಎಂದರೆ ಸರ್ಕಾರದ ಹಣದಲ್ಲಿ, ಸ್ವತಂತ್ರ ಆಡಳಿತ ಮಂಡಳಿಯ ಕೈಯಲ್ಲಿ ನಡೆಯುವ ಶಾಲೆ. ಇದಕ್ಕೆ ಮೊದಲ ಕಾನೂನು ಬಂದದ್ದು 1991ರಲ್ಲಿ ಮಿನ್ನೆಸೋಟ ರಾಜ್ಯದಲ್ಲಿ. ಕೇಂದ್ರದ ಈ ಕ್ರಮಗಳು ಬಡ ಮಕ್ಕಳಿಗಾಗಿ ವಿಶೇಷ ಅನುದಾನ ಪಡೆಯುವ ಶಾಲೆಗಳಿಗೆ ಅನ್ವಯಿಸುತ್ತಿದ್ದವು. ಎಂದರೆ ಪರೀಕ್ಷೆ ಎಲ್ಲರಿಗೂ. ದಂಡನೆ ಬಡವರ ಮಕ್ಕಳು ಓದುವ ಶಾಲೆಗೆ.

ಪರೀಕ್ಷೆಗೂ ಖಾಸಗೀಕರಣಕ್ಕೂ ಏನು ನಂಟು ಎಂದು ಕೇಳುವವರು ಗಮನಿಸಬೇಕಾದದ್ದು ಇಲ್ಲಿ. ಸಾರ್ವಜನಿಕ ಶಾಲೆಯನ್ನು ಏಕಾಏಕಿ ಖಾಸಗಿಯವರಿಗೆ ಕೊಡಲು ಯಾವ ಊರಿನ ಜನರೂ ಒಪ್ಪುವುದಿಲ್ಲ. 'ಈ ಶಾಲೆ ಸತತವಾಗಿ ಅನುತ್ತೀರ್ಣವಾಗಿದೆ' ಎಂಬ ಪ್ರಮಾಣಪತ್ರ ಮೊದಲು ಕೈಗೆ ಬಂದರೆ ಕೆಲಸ ಸುಲಭ. ಆ ಪ್ರಮಾಣಪತ್ರವನ್ನು ಅಂಕಗಳು ಒದಗಿಸಿದವು.

ಇನ್ನು ಒತ್ತಡ ಏನು ಮಾಡಿತು ಎಂಬುದಕ್ಕೆ ಅಟ್ಲಾಂಟ ನಗರ ಸಾಕ್ಷಿ. ಅಲ್ಲಿ ಅಂಕಗಳು ಏರಿದ್ದನ್ನು ದೇಶವೇ ಹೊಗಳಿತ್ತು. 2011ರಲ್ಲಿ ಹೊರಬಂದ ರಾಜ್ಯ ಸರ್ಕಾರದ ತನಿಖಾ ವರದಿಯ ಪ್ರಕಾರ 44 ಶಾಲೆಗಳಲ್ಲಿ ಅಕ್ರಮ ನಡೆದಿತ್ತು. 178 ಶಿಕ್ಷಕರು ಮತ್ತು ಮುಖ್ಯಸ್ಥರ ಹೆಸರು ಅದರಲ್ಲಿತ್ತು. ಮಕ್ಕಳ ತಪ್ಪು ಉತ್ತರಗಳನ್ನು ರಬ್ಬರಿನಿಂದ ಅಳಿಸಿ ಸರಿ ಉತ್ತರ ತುಂಬಿದ್ದರು. 2015ರಲ್ಲಿ 11 ಮಂದಿ ಅಪರಾಧಿಗಳೆಂದು ತೀರ್ಪಾಯಿತು. ಅವರು ತಪ್ಪಿತಸ್ಥರು, ಅನುಮಾನವಿಲ್ಲ. ಆದರೆ ಹೆಚ್ಚು ನಷ್ಟವಾದದ್ದು ಆ ಮಕ್ಕಳಿಗೆ. ಕಾಗದದ ಮೇಲೆ ಓದಲು ಬರುತ್ತದೆ ಎಂದಾದ ಮಗುವಿಗೆ ಪರಿಹಾರ ಬೋಧನೆ ಯಾರೂ ಕೊಡುವುದಿಲ್ಲ.

ವಿರೋಧ ಎದ್ದದ್ದು ಹೀಗೆ

ಮೊದಲ ದೊಡ್ಡ ದನಿಗಳಲ್ಲೊಂದು ಒಳಗಿನಿಂದಲೇ ಬಂತು. ಶಿಕ್ಷಣ ಇತಿಹಾಸಕಾರ್ತಿ ಡಯಾನ್ ರಾವಿಚ್ ಅವರು 1990ರ ದಶಕದ ಆರಂಭದಲ್ಲಿ ಕೇಂದ್ರ ಶಿಕ್ಷಣ ಇಲಾಖೆಯಲ್ಲಿ ಉನ್ನತ ಹುದ್ದೆಯಲ್ಲಿದ್ದವರು. ಪರೀಕ್ಷೆ ಮತ್ತು ಪೈಪೋಟಿಯ ಸುಧಾರಣೆಗಳನ್ನು ಬೆಂಬಲಿಸಿದ್ದವರು. ಫಲಿತಾಂಶಗಳನ್ನು ನೋಡಿ ನಿಲುವು ಬದಲಿಸಿ, 2010ರಲ್ಲಿ ಪುಸ್ತಕವನ್ನೇ ಬರೆದು ಎರಡನ್ನೂ ವಿರೋಧಿಸಿದರು.

ಆಮೇಲೆ ಶಿಕ್ಷಕರು ಬಂದರು. 2012ರ ಸೆಪ್ಟೆಂಬರಿನಲ್ಲಿ ಷಿಕಾಗೊ ಶಿಕ್ಷಕರು ಮುಷ್ಕರ ಹೂಡಿದರು. ಮಕ್ಕಳ ಅಂಕದ ಮೇಲೆ ಶಿಕ್ಷಕರನ್ನು ಅಳೆಯುವುದು ಅಲ್ಲಿನ ವಿವಾದಗಳಲ್ಲಿ ಒಂದು. ಮರುವರ್ಷ ಅದೇ ನಗರದಲ್ಲಿ ಸುಮಾರು 50 ಸಾರ್ವಜನಿಕ ಶಾಲೆಗಳನ್ನು ಮುಚ್ಚಲಾಯಿತು. 2013ರ ಜನವರಿಯಲ್ಲಿ ಸಿಯಾಟಲ್‌ನ ಗಾರ್ಫೀಲ್ಡ್ ಪ್ರೌಢಶಾಲೆಯ ಶಿಕ್ಷಕರು 'ಮ್ಯಾಪ್' ಎಂಬ ಪರೀಕ್ಷೆಯನ್ನು ನಡೆಸುವುದಿಲ್ಲ ಎಂದು ಘೋಷಿಸಿದರು. ಅದೇ ವರ್ಷ ಮೇ ತಿಂಗಳಲ್ಲಿ ಆಡಳಿತವು ಪ್ರೌಢಶಾಲೆಗಳ ಮಟ್ಟಿಗೆ ಅದನ್ನು ಐಚ್ಛಿಕಗೊಳಿಸಿತು.

2015ರಲ್ಲಿ ಪೋಷಕರ ಸರದಿ. ನ್ಯೂಯಾರ್ಕ್ ರಾಜ್ಯದಲ್ಲಿ ಮೂರರಿಂದ ಎಂಟನೆಯ ತರಗತಿಯ ಸುಮಾರು ಶೇ. 20ರಷ್ಟು ಮಕ್ಕಳು, ಎಂದರೆ ಎರಡು ಲಕ್ಷಕ್ಕೂ ಹೆಚ್ಚು ಮಂದಿ, ರಾಜ್ಯ ಪರೀಕ್ಷೆಗೆ ಕೂರಲಿಲ್ಲ. ಆ ವರ್ಷ ಡಿಸೆಂಬರಿನಲ್ಲಿ ಹಳೆಯ ಕಾಯ್ದೆಯ ಜಾಗಕ್ಕೆ ಹೊಸದು ಬಂತು. ವಾರ್ಷಿಕ ಪರೀಕ್ಷೆ ಉಳಿಯಿತು. ಕೇಂದ್ರದಿಂದ ಬರುತ್ತಿದ್ದ ದಂಡನೆಯ ಏಣಿ ಹೋಯಿತು. ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2016ರಲ್ಲಿ ಚಾರ್ಟರ್ ಶಾಲೆಗಳ ಮಿತಿ ಏರಿಸುವ ಪ್ರಸ್ತಾವವನ್ನು ಸುಮಾರು ಶೇ. 62ರಷ್ಟು ಮತಗಳಿಂದ ತಳ್ಳಿಹಾಕಿದರು. 2024ರಲ್ಲಿ ಪ್ರೌಢಶಾಲಾ ಪದವಿಗೆ ರಾಜ್ಯ ಪರೀಕ್ಷೆಯಲ್ಲಿ ತೇರ್ಗಡೆ ಕಡ್ಡಾಯ ಎಂಬ ನಿಯಮವನ್ನೂ ಮತದಿಂದಲೇ ತೆಗೆದುಹಾಕಿದರು.

ಎದುರು ವಾದವನ್ನೂ ಕೇಳಬೇಕು

ಪರೀಕ್ಷೆಯ ಪರ ನಿಂತವರೆಲ್ಲ ಕಂಪನಿಗಳ ಏಜೆಂಟರಲ್ಲ. 2015ರ ಮೇ ತಿಂಗಳಲ್ಲಿ ಅಮೆರಿಕದ 12 ನಾಗರಿಕ ಹಕ್ಕು ಸಂಘಟನೆಗಳು ಪರೀಕ್ಷೆಯ ಬಹಿಷ್ಕಾರವನ್ನು ಒಟ್ಟಾಗಿ ವಿರೋಧಿಸಿದವು. ಅವರ ವಾದ ಗಟ್ಟಿಯಾದದ್ದು. ಕಪ್ಪು ಮಕ್ಕಳು, ಬಡ ಮಕ್ಕಳು, ವಿಶೇಷ ಅಗತ್ಯವುಳ್ಳ ಮಕ್ಕಳು ಎಷ್ಟು ಹಿಂದಿದ್ದಾರೆ ಎಂದು ಗುಂಪುವಾರು ಅಂಕಿ-ಅಂಶ ಬರುವವರೆಗೆ ಅವರ ಸ್ಥಿತಿ ಶಾಲೆಯ ಸರಾಸರಿಯಲ್ಲಿ ಮರೆಯಾಗುತ್ತಿತ್ತು. ಅಳತೆಯೇ ಇಲ್ಲದಿದ್ದರೆ ಅನ್ಯಾಯಕ್ಕೆ ಪುರಾವೆ ಎಲ್ಲಿಂದ ತರುವುದು?

ಈ ವಾದಕ್ಕೆ ಉತ್ತರವಿದೆ. ಪುರಾವೆಗಾಗಿ ಅಳೆಯುವುದು ಬೇರೆ, ಶಿಕ್ಷಿಸಲು ಅಳೆಯುವುದು ಬೇರೆ. ಒಂದು ಜಿಲ್ಲೆಯ ಕಲಿಕೆ ತಿಳಿಯಲು ಕೆಲವು ಶಾಲೆಗಳ ಮಾದರಿ ಸಮೀಕ್ಷೆ ಸಾಕು. ಪ್ರತಿ ಮಗುವಿನ ನೆತ್ತಿಯ ಮೇಲೆ ಕತ್ತಿ ತೂಗಬೇಕಿಲ್ಲ. ಹಿಂದುಳಿದದ್ದು ಗೊತ್ತಾದ ಶಾಲೆಗೆ ಇನ್ನೊಬ್ಬ ಶಿಕ್ಷಕರನ್ನು ಕೊಟ್ಟರೆ ಅಳತೆ ಸಾರ್ಥಕ. ಅದನ್ನು ಮುಚ್ಚಲು ಆ ಅಂಕ ಬಳಕೆಯಾದರೆ ಮುಂದಿನ ಬಾರಿ ಯಾವ ಶಾಲೆಯೂ ನಿಜ ಹೇಳುವುದಿಲ್ಲ.

ನಮ್ಮ ರಾಜ್ಯದಲ್ಲಿ

ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 30ನೆಯ ಸೆಕ್ಷನ್ ಪ್ರಕಾರ ಪ್ರಾಥಮಿಕ ಶಿಕ್ಷಣ, ಎಂದರೆ ಎಂಟನೆಯ ತರಗತಿ, ಮುಗಿಯುವವರೆಗೆ ಮಗು ಯಾವ ಬೋರ್ಡ್ ಪರೀಕ್ಷೆಯನ್ನೂ ಪಾಸು ಮಾಡಬೇಕಾಗಿಲ್ಲ. 29ನೆಯ ಸೆಕ್ಷನ್ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು ಹೇಳುತ್ತದೆ. 2019ರ ತಿದ್ದುಪಡಿ 5 ಮತ್ತು 8ನೆಯ ತರಗತಿಯ ಕೊನೆಗೆ ಪರೀಕ್ಷೆಯನ್ನು ತಂದು, ಮರುಪರೀಕ್ಷೆಯಲ್ಲೂ ಅನುತ್ತೀರ್ಣನಾದ ಮಗುವನ್ನು ಉಳಿಸಿಕೊಳ್ಳುವ ಅಧಿಕಾರವನ್ನು ಸರ್ಕಾರಗಳಿಗೆ ಕೊಟ್ಟಿತು.

ಕರ್ನಾಟಕದಲ್ಲಿ 2022-23ರಲ್ಲಿ 5 ಮತ್ತು 8ಕ್ಕೆ, ಮರುವರ್ಷ 9ಕ್ಕೂ ಸೇರಿಸಿ ರಾಜ್ಯಮಟ್ಟದ ಪರೀಕ್ಷೆಯ ಆದೇಶ ಬಂತು. 5 ಮತ್ತು 8ರಲ್ಲಿ ಯಾರನ್ನೂ ಅನುತ್ತೀರ್ಣಗೊಳಿಸುವುದಿಲ್ಲ ಎಂದು ಸರ್ಕಾರ ಹೇಳಿತ್ತು. ಹೈಕೋರ್ಟಿನ ಮೆಟ್ಟಿಲೇರಿದ್ದು ಅನುದಾನರಹಿತ ಖಾಸಗಿ ಶಾಲೆಗಳ ಸಂಘಟನೆಗಳು. 2024ರ ಮಾರ್ಚ್ 6ರಂದು ಏಕಸದಸ್ಯ ಪೀಠ ಆದೇಶವನ್ನು ರದ್ದುಗೊಳಿಸಿತು; ಮರುದಿನ ವಿಭಾಗೀಯ ಪೀಠ ಆ ತೀರ್ಪಿಗೆ ತಡೆ ಕೊಟ್ಟಿತು; 11ರಂದು ಪರೀಕ್ಷೆ ಆರಂಭವಾಯಿತು; 12ರಂದು ಸುಪ್ರೀಂ ಕೋರ್ಟ್ ತಡೆಯಿತು; 22ರಂದು ವಿಭಾಗೀಯ ಪೀಠ ಸರ್ಕಾರದ ಪರ ತೀರ್ಪಿತ್ತು; 25ರಿಂದ ಉಳಿದ ಪತ್ರಿಕೆಗಳು ನಡೆದವು; ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಮತ್ತೆ ತಡೆ ನೀಡಿತು. ಒಂದೇ ತಿಂಗಳಲ್ಲಿ ಇಷ್ಟು. ಇದರ ನಡುವೆ ಹತ್ತು ವರ್ಷದ ಮಗು ನಾಳೆ ಪರೀಕ್ಷೆ ಇದೆಯೇ ಎಂದು ಮೇಷ್ಟರ ಮುಖ ನೋಡುತ್ತಿತ್ತು.

ಈ ಹೋರಾಟವನ್ನು ಅಮೆರಿಕದ್ದರ ಪಡಿಯಚ್ಚು ಎಂದು ಭಾವಿಸಬಾರದು. ಅಲ್ಲಿ ಸಾರ್ವಜನಿಕ ಶಾಲೆಯ ಶಿಕ್ಷಕರೂ ಪೋಷಕರೂ ಎದ್ದರು. ಇಲ್ಲಿ ನ್ಯಾಯಾಲಯಕ್ಕೆ ಹೋದವರು ಖಾಸಗಿ ಶಾಲೆಗಳವರು. ಅಲ್ಲಿ ಇಡೀ ಶಾಲೆಯನ್ನೇ ಖಾಸಗಿ ಆಡಳಿತಕ್ಕೆ ವಹಿಸುವ ದಾರಿಯಿತ್ತು. ನಮ್ಮಲ್ಲಿ ಖಾಸಗೀಕರಣ ನಡೆಯುವುದು ಒಂದೊಂದೇ ವರ್ಗಾವಣೆ ಪತ್ರದ ಮೂಲಕ. ಮಕ್ಕಳು ಟಿ.ಸಿ. ಪಡೆದು ಹೋಗುತ್ತಾರೆ, ದಾಖಲಾತಿ ಇಳಿಯುತ್ತದೆ, ಶಿಕ್ಷಕರ ಹುದ್ದೆ ಹೋಗುತ್ತದೆ, ಉಳಿದ ಮಕ್ಕಳೂ ಹೊರಡುತ್ತಾರೆ. ಖಾಸಗಿ ಶಾಲೆಯ ಶೇ. 25 ಸೀಟುಗಳಿಗೆ ಸರ್ಕಾರವೇ ಶುಲ್ಕ ಕಟ್ಟುತ್ತಿದ್ದಾಗ ಈ ಹರಿವು ಹೆಚ್ಚಿತೆಂಬ ಕಾರಣಕ್ಕೇ 2019ರಲ್ಲಿ ರಾಜ್ಯವು ನಿಯಮ ಬದಲಿಸಿ, ಸಮೀಪದಲ್ಲಿ ಸರ್ಕಾರಿ ಶಾಲೆ ಇರುವಲ್ಲಿ ಆ ಸೌಲಭ್ಯವನ್ನು ನಿಲ್ಲಿಸಿತು.

ಶೇಕಡಾವಾರು ಮುಚ್ಚಿಡುವುದು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಜಿಲ್ಲೆಗಳ ಪಟ್ಟಿ ಎಲ್ಲ ಪತ್ರಿಕೆಗಳಲ್ಲೂ ಬರುತ್ತದೆ. 2024ರಲ್ಲಿ ಉಡುಪಿ ಮೊದಲು, ಶೇ. 94, ಯಾದಗಿರಿ ಕೊನೆ, ಶೇ. 50.59. ಯಾದಗಿರಿಯ ಶಿಕ್ಷಕರು ಕಲಿಸುವುದಿಲ್ಲ ಎಂದು ಇದನ್ನು ಓದುವ ಮೊದಲು ಇನ್ನೊಂದು ಅಂಕಿ ನೋಡಿ. 2011ರ ಜನಗಣತಿಯಲ್ಲಿ ರಾಜ್ಯದಲ್ಲೇ ಅತಿ ಕಡಿಮೆ ಸಾಕ್ಷರತೆ ಇದ್ದದ್ದು ಯಾದಗಿರಿಯಲ್ಲಿ, ಸುಮಾರು ಶೇ. 52. ಮನೆಯಲ್ಲಿ ಓದು ಬಲ್ಲವರಿದ್ದಾರೆಯೇ, ಮಗು ಹತ್ತಿ ಬಿಡಿಸಲು ಹೋಗುತ್ತದೆಯೇ, ಶಾಲೆಯಲ್ಲಿ ಗಣಿತ ಶಿಕ್ಷಕರ ಹುದ್ದೆ ಖಾಲಿಯೇ ಎಂಬುದನ್ನೆಲ್ಲ ಆ ಒಂದು ಸಂಖ್ಯೆ ನುಂಗಿಕೊಂಡಿದೆ.

ಇನ್ನೊಂದು ಲೆಕ್ಕ. ಉತ್ತೀರ್ಣಾಂಕ 35 ಎಂದಿಟ್ಟುಕೊಳ್ಳಿ. ಒಬ್ಬಳ ಅಂಕ 8ರಿಂದ 28ಕ್ಕೆ ಏರಿತು. ಇನ್ನೊಬ್ಬನದು 33ರಿಂದ 35ಕ್ಕೆ. ಹೆಚ್ಚು ಕಲಿತವಳು ಮೊದಲಿನವಳು. ಶಾಲೆಯ ಫಲಿತಾಂಶದಲ್ಲಿ ಅವಳ 20 ಅಂಕಕ್ಕೆ ಬೆಲೆ ಸೊನ್ನೆ. ಅವನ 2 ಅಂಕಕ್ಕೆ ಪೂರ್ತಿ ಬೆಲೆ. 20 ಮಕ್ಕಳ ತರಗತಿಯಾದರೆ ಅವನೊಬ್ಬನಿಂದಲೇ ಶೇ. 5 ಏರುತ್ತದೆ. ನಮ್ಮ ಪ್ರೌಢಶಾಲೆಗಳಲ್ಲಿ 'ಪಾಸಿಂಗ್ ಪ್ಯಾಕೇಜ್' ಎಂಬ ಮಾತು ಹುಟ್ಟಿದ್ದರ ಹಿಂದೆ ಈ ಲೆಕ್ಕವಿದೆ. ಗೆರೆಯ ಸಮೀಪ ಇರುವವರನ್ನು ದಾಟಿಸಬೇಕು. ದೂರ ಇರುವವರಿಗೆ ಸಮಯವಿಲ್ಲ. ಇದು ಶಿಕ್ಷಕರ ಕೆಟ್ಟತನವಲ್ಲ, ಅವರನ್ನು ಅಳೆಯುವ ರೀತಿಯ ಫಲ.

ಬೋಧನಾಭ್ಯಾಸದಲ್ಲಿ ಏನು ಮಾಡಬಹುದು?

ನೀತಿ ಬದಲಿಸುವುದು ಪ್ರಶಿಕ್ಷಣಾರ್ಥಿಯ ಕೈಯಲ್ಲಿಲ್ಲ. ಆದರೆ ಘಟಕ ಪರೀಕ್ಷೆ ಅವರ ಕೈಯಲ್ಲಿದೆ. 402ರಿಂದ 178 ಕಳೆಯಲು ಕೊಟ್ಟಿರಿ ಎನ್ನಿ. ಉತ್ತರ 224. ಒಬ್ಬಳು 376 ಬರೆದಳು. ಇನ್ನೊಬ್ಬ 234 ಬರೆದ. ಇಬ್ಬರಿಗೂ ಸೊನ್ನೆ. ಉತ್ತರಗಳನ್ನು ಬಿಡಿಸಿ ನೋಡಿ. ಮೊದಲಿನವಳು ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದ್ದಾಳೆ. ದಶಕ ಬಿಡಿಸುವ ಕಲ್ಪನೆಯೇ ಅವಳಿಗೆ ಬಂದಿಲ್ಲ. ಎರಡನೆಯವನಿಗೆ ಅದು ಬಂದಿದೆ. ಸೊನ್ನೆ ಇರುವ ದಶಕಸ್ಥಾನಕ್ಕೆ ನೂರನ್ನು ಬಿಡಿಸಿ 10 ತಂದವನು ಬಿಡಿಸ್ಥಾನಕ್ಕೆ ಒಂದನ್ನು ಕೊಟ್ಟ ಮೇಲೆ ಅದನ್ನು 9 ಮಾಡಲು ಮರೆತಿದ್ದಾನೆ. ಅವಳಿಗೆ ಕಡ್ಡಿಕಟ್ಟುಗಳಿಂದ ಆರಂಭಿಸಬೇಕು. ಅವನಿಗೆ ಇಂಥ ನಾಲ್ಕು ಲೆಕ್ಕ ಸಾಕು. ಬೋರ್ಡ್ ಪರೀಕ್ಷೆಯ ಅಂಕಪಟ್ಟಿ ಇದನ್ನು ಎಂದೂ ತಿಳಿಸುವುದಿಲ್ಲ. ನಿಮ್ಮ ಕೆಂಪು ಪೆನ್ನಿಗೆ ಗೊತ್ತಾಗುತ್ತದೆ.

ಇದು ಹೊರಗಿನಿಂದ ತರಬೇಕಾದ ವಿದ್ಯೆಯೂ ಅಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಆರಂಭವಾದ ನಲಿ-ಕಲಿಯಲ್ಲಿ ಮೌಲ್ಯಮಾಪನ ಕಲಿಕಾ ಏಣಿಯೊಳಗೇ ಇತ್ತು. ಮಗು ತನ್ನ ಮೈಲಿಗಲ್ಲಿನಲ್ಲಿ ನಿಂತು, ಬಂದದ್ದನ್ನು ತೋರಿಸಿ, ಮುಂದಿನ ಮೆಟ್ಟಿಲಿಗೆ ಹೋಗುತ್ತಿತ್ತು. ಬಾರದಿದ್ದರೆ ಅಲ್ಲೇ ಇನ್ನಷ್ಟು ಅಭ್ಯಾಸ, ಅವಮಾನವಿಲ್ಲ.

ಈ ಬಾರಿ ಬೋಧನಾಭ್ಯಾಸಕ್ಕೆ ಹೋಗುವವರಿಗೆ ನನ್ನ ಸಲಹೆ ಮೂರು. ನೀಲನಕ್ಷೆ ಮಾಡುವಾಗ ಪ್ರತಿ ಪ್ರಶ್ನೆಯ ಮುಂದೆ 'ತಪ್ಪಾದರೆ ನನಗೆ ಏನು ತಿಳಿಯುತ್ತದೆ?' ಎಂಬ ಒಂದು ಕಾಲಂ ಸೇರಿಸಿ; ಏನೂ ತಿಳಿಯದಿದ್ದರೆ ಆ ಪ್ರಶ್ನೆ ಬಿಡಿ. ಫಲಿತಾಂಶ ವಿಶ್ಲೇಷಣೆಯಲ್ಲಿ ಶೇಕಡಾವಾರಿನ ಪಕ್ಕದಲ್ಲೇ ತಪ್ಪಿನ ಬಗೆಗಳನ್ನೂ, ಪ್ರತಿ ಬಗೆಯಲ್ಲಿ ಎಷ್ಟು ಮಕ್ಕಳು ಎಂಬುದನ್ನೂ ಬರೆಯಿರಿ. ಪರೀಕ್ಷೆಯ ಮರುದಿನದ ಪಾಠಯೋಜನೆಯನ್ನು ಆ ಪಟ್ಟಿ ಕೈಯಲ್ಲಿ ಹಿಡಿದೇ ತಯಾರಿಸಿ. ಮಾರ್ಗದರ್ಶಕರಾದ ನಾವು ಪಾಠ ವೀಕ್ಷಣೆಗೆ ಬಂದಾಗ ಅಂಕಪಟ್ಟಿ ಕೇಳುವ ಮೊದಲು ಈ ಪಾಠಯೋಜನೆಯನ್ನು ಕೇಳಬೇಕು. ಪೋಷಕರು 'ನನ್ನ ಮಗಳು ಹೇಗಿದ್ದಾಳೆ?' ಎಂದು ಸರ್ಕಾರಿ ಶಾಲೆಯ ಬಾಗಿಲಲ್ಲಿ ನಿಂತಾಗ, ಅವಳಿಗೆ ಏನು ಬರುತ್ತದೆ, ಏನು ಬಾರದು, ಈ ವಾರ ಏನು ಮಾಡುತ್ತಿದ್ದೇವೆ ಎಂದು ಮೂರು ಮಾತಿನಲ್ಲಿ ಹೇಳಬಲ್ಲ ಶಿಕ್ಷಕರಿದ್ದರೆ, ಟಿ.ಸಿ. ಕೇಳಲು ಬಂದವರೂ ಒಂದು ಗಳಿಗೆ ಯೋಚಿಸುತ್ತಾರೆ.