ಬೀಜಕ್ಕೆ ಹಚ್ಚಿದ ಮದ್ದು ಎಷ್ಟು ದಿನ ಕಾಯುತ್ತದೆ?

ಆಟಿಯ ಮಳೆ ತುಸು ಬಿಡುವು ಕೊಟ್ಟ ಹೊತ್ತಿನಲ್ಲಿ ಲಾಯಿಲದ ಕಡೆಯ ಬೈಲುಗದ್ದೆಗಳಿಗೆ ಇಳಿದರೆ ಹಸಿರು ತೆಂಡೆಗಳ ನಡುವೆ ಅಲ್ಲೊಂದು ಇಲ್ಲೊಂದು ಬೆಳ್ಳಗಿನ ಕೊಳವೆ ಕಣ್ಣಿಗೆ ಬೀಳಬಹುದು. ಭತ್ತದ ಎಲೆಯ ಹಾಗೆ ಚಪ್ಪಟೆಯಲ್ಲ. ಈರುಳ್ಳಿ ಎಲೆಯಂತೆ ದುಂಡಗೆ, ಒಳಗೆ ಪೊಳ್ಳು. ಇದೇ ಕಣೆ. ಆ ತೆಂಡೆಯಲ್ಲಿ ಇನ್ನು ತೆನೆ ಬರುವುದಿಲ್ಲ. ಕಿತ್ತು ಉಗುರಿನಿಂದ ಸೀಳಿ ನೋಡಿ. ಬುಡದಲ್ಲಿ ಕಾಲಿಲ್ಲದ ಪುಟ್ಟ ಹುಳು ಸಿಕ್ಕರೆ ಅದು ಇನ್ನೂ ಉಣ್ಣುತ್ತಿದೆ. ಹುಳು ಇಲ್ಲದೆ, ಕೊಳವೆಯ ತುದಿಯ ಹತ್ತಿರ ಸಣ್ಣ ತೂತು, ಆ ತೂತಿನಿಂದ ಅರ್ಧ ಹೊರಗೆ ಚಾಚಿದ ತೆಳು ಪೊರೆ ಕಂಡರೆ ನೊಣ ಹಾರಿಹೋಗಿದೆ.

ಕಣೆನೊಣ ಗಾತ್ರದಲ್ಲಿ ಸೊಳ್ಳೆಯಷ್ಟೇ. ಹೆಣ್ಣಿನ ಹೊಟ್ಟೆ ಕಿತ್ತಳೆ ಕೆಂಪು. ಹಗಲು ಅಡಗಿದ್ದು ರಾತ್ರಿ ದೀಪಕ್ಕೆ ಬರುತ್ತದೆ, ಕೆಲವೇ ದಿನ ಬದುಕುತ್ತದೆ, ಅಷ್ಟರೊಳಗೆ ನೂರಕ್ಕೂ ಮಿಕ್ಕಿ ಮೊಟ್ಟೆ ಇಟ್ಟು ಮುಗಿಸುತ್ತದೆ. ಮೂರು ನಾಲ್ಕು ದಿನದಲ್ಲಿ ಮೊಟ್ಟೆಯೊಡೆದ ಮರಿಗೆ ಒಂದು ಪ್ರಯಾಣ ಕಾದಿರುತ್ತದೆ. ಎಲೆಯ ಮೇಲಿನ ತೇವದಲ್ಲಿ ಜಾರಿಕೊಂಡು, ಎಲೆಯ ಒರೆಯ ಸಂದಿಯಲ್ಲಿ ಇಳಿದು, ಸುಳಿ ಹುಟ್ಟುವ ಜಾಗವನ್ನು ಅದು ಮುಟ್ಟಬೇಕು. ಎಲೆ ಒಣಗಿದ್ದರೆ ದಾರಿಯಲ್ಲೇ ಸಾಯುತ್ತದೆ. ದಿನವಿಡೀ ಮೋಡ, ಬಿಟ್ಟೂ ಬಿಡದ ಸೋನೆ, ಎಲೆಯ ಮೇಲೆ ಸದಾ ನೀರು ಇರುವ ನಮ್ಮ ಕರಾವಳಿ ಈ ಕೀಟದ ಖಾಯಂ ಊರಾದದ್ದು ಹೀಗೆ. ಒಳಗೆ ಸೇರಿದ ಹುಳುವಿನ ಜೊಲ್ಲಿಗೆ ಗಿಡದ ಬೆಳವಣಿಗೆಯನ್ನೇ ತಿರುಗಿಸುವ ಶಕ್ತಿ ಇದೆ. ಸುಳಿಯಿಂದ ಹೊಸ ಎಲೆಯೂ ತೆನೆಯೂ ಬರಬೇಕಾದ ಕಡೆ ಒರೆಯೇ ಉದ್ದಕ್ಕೆ ಬೆಳೆದು ಹುಳುವಿಗೆ ಮನೆಯಾಗುತ್ತದೆ. ಎರಡು ಮೂರು ವಾರ ಅಲ್ಲೇ ಉಂಡು ಕೋಶವಾದ ಮೇಲೆ, ಮೈಮೇಲಿನ ಮುಳ್ಳುಗಳನ್ನು ಊರಿಕೊಂಡು ಕೊಳವೆಯ ತುದಿಯವರೆಗೆ ಏರಿ, ತೂತು ಕೊರೆದು ಹೊರಬರುತ್ತದೆ. ನಮ್ಮ ದೇಶದಲ್ಲಿ ಇದರ ವರದಿ ಮೊದಲು ಬಂದದ್ದು 1880ರಲ್ಲಿ, ಬಿಹಾರದ ಮುಂಗೇರ್‌ನಿಂದ.

ಈ ಕೀಟಕ್ಕೆ ಒಂದು ಮಿತಿ ಇದೆ, ನನ್ನ ಮಾತೆಲ್ಲ ಅದರ ಮೇಲೆಯೇ ನಿಂತಿದೆ. ಗಿಡ ತೆಂಡೆ ಒಡೆಯುವ ಕಾಲದಲ್ಲಿ ಮಾತ್ರ ಇದು ಕಣೆ ಮಾಡಬಲ್ಲದು. ಒಳಗೆ ತೆನೆ ಮೂಡಲು ಶುರುವಾದ ಮೇಲೆ ಆ ತೆಂಡೆಯ ತಂಟೆಗೆ ಬರಲಾರದು.

ಕೊಳವೆಯೊಳಗೆ ಕೂತ ಹುಳುವಿಗೆ ಮೇಲಿನಿಂದ ಸಿಂಪಡಿಸಿದ ಮದ್ದು ತಾಗುವುದು ಕಷ್ಟ. ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ ಸುರಿಯುವ ಊರಿನಲ್ಲಿ ಸಿಂಪಡಿಸಿದ್ದು ಸಂಜೆಯವರೆಗೆ ಎಲೆಯ ಮೇಲೆ ಉಳಿದರೆ ಹೆಚ್ಚು. ಹಾಗಾಗಿಯೇ ಬೀಜೋಪಚಾರದ ಯೋಚನೆ ಆಕರ್ಷಕ: ಮದ್ದನ್ನು ಬೀಜಕ್ಕೇ ಹಚ್ಚಿದರೆ, ಮೊಳಕೆಯ ಬೇರು ಅದನ್ನು ಹೀರಿ, ನೀರಿನ ಜೊತೆ ಎಲೆಗೂ ಸುಳಿಗೂ ಏರಿಸುತ್ತದೆ. ಹುಳು ರಸ ಹೀರಿದಾಗ ಮದ್ದು ತಾನಾಗಿ ಅದರ ಹೊಟ್ಟೆ ಸೇರುತ್ತದೆ. ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್ ಕೀಟದ ನರಗಳ ಮೇಲೆ ಕೆಲಸ ಮಾಡುತ್ತವೆ. ಕ್ಲೋರಾಂಟ್ರನಿಲಿಪ್ರೋಲ್ ಸ್ನಾಯುವಿನ ಕ್ಯಾಲ್ಸಿಯಂ ಹಿಡಿತ ತಪ್ಪಿಸಿ ಹುಳುವನ್ನು ಮರಗಟ್ಟಿಸುತ್ತದೆ. ಇವಕ್ಕಿಂತ ಹಳೆಯದು ಕ್ಲೋರೋಪೈರಿಫಾಸ್. ಲೀಟರ್ ನೀರಿಗೆ 20 ಇ.ಸಿ. ದ್ರಾವಣ 10 ಮಿ.ಲೀ. ಬೆರೆಸಿದರೆ ಶೇ. 0.2 ಆಗುತ್ತದೆ, ಮೊಳಕೆ ಬಂದ ಬೀಜವನ್ನು ಅದರಲ್ಲಿ ಮೂರು ಗಂಟೆ ನೆನೆಸುವುದು ಕಣೆನೊಣದ ಸೀಮೆಗಳಿಗೆ ಹೇಳಿದ್ದ ಕ್ರಮ. ಈ ಮದ್ದಿಗೆ ಯುರೋಪಿನ ಒಕ್ಕೂಟ 2020ರಲ್ಲಿ ಬಾಗಿಲು ಮುಚ್ಚಿತು. 2025ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿರ್ಮೂಲನೆಯ ಪಟ್ಟಿಗೂ, ಕೆಲವು ವಿನಾಯಿತಿಗಳೊಂದಿಗೆ, ಅದು ಸೇರಿತು.

ಈಗ ಲೆಕ್ಕ ಹಾಕೋಣ. ಏಣೇಲಿಗೆ ಜೂನ್ 10ಕ್ಕೆ ನೇಜಿ ಹಾಕಿದಿರಿ ಎನ್ನಿ. 25 ದಿನದ ನೇಜಿ ಕಿತ್ತು ಜುಲೈ 5ಕ್ಕೆ ನೆಟ್ಟಿರಿ. ಬೀಜಕ್ಕೆ ಕೊಟ್ಟ ಮದ್ದಿನ ಕಾವಲು ಸುಮಾರು ಒಂದು ತಿಂಗಳು. ಅಂದರೆ ನೆಟ್ಟ ಒಂದು ವಾರದೊಳಗೆ ಅದು ಮುಗಿಯಿತು. ಗಿಡ ಬೇರೂರಿ ತೆಂಡೆ ಒಡೆಯುವುದು ಆ ಬಳಿಕ. ಕಣೆನೊಣ ಹೆಚ್ಚುವುದು ಆಟಿ, ಸೋಣ ತಿಂಗಳಲ್ಲಿ. ಕಾವಲುಗಾರ ಮನೆಗೆ ಹೋದ ಮೇಲೆ ಕಳ್ಳ ಬರುತ್ತಾನೆ. ನೇಜಿಯ ಬೇರನ್ನು ನಾಟಿಯ ಹಿಂದಿನ ರಾತ್ರಿ ಕ್ಲೋರೋಪೈರಿಫಾಸ್‌ನ ಶೇ. 0.02ರ ದ್ರಾವಣದಲ್ಲಿ 12 ಗಂಟೆ ಅದ್ದಿಡುವ ಕ್ರಮ ಹುಟ್ಟಿದ್ದು ಈ ಲೆಕ್ಕದಿಂದಲೇ. ಅದರಿಂದ ಕಾವಲಿನ ತಿಂಗಳು ಜುಲೈ 5ರಿಂದ ಶುರುವಾಗುತ್ತದೆ, ಜೂನ್ 10ರಿಂದ ಅಲ್ಲ.

ನಾಟಿ ಯಂತ್ರ ಬಂದ ಮೇಲೆ ಲೆಕ್ಕ ಮತ್ತೆ ಬದಲಾಗಿದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ 'ಯಂತ್ರಶ್ರೀ' ನಮ್ಮ ತಾಲೂಕಿನವರಿಗೆ ಗೊತ್ತಿರುವ ಹೆಸರು. ಯಂತ್ರಕ್ಕೆ ಚಾಪೆಯಂತೆ ಬೆಳೆಸಿದ ನೇಜಿ 15ರಿಂದ 18 ದಿನಕ್ಕೇ ಗದ್ದೆಗೆ ಹೋಗುತ್ತದೆ. ಬೀಜದ ಮದ್ದಿಗೆ ಇನ್ನೂ ಹನ್ನೆರಡು ದಿನದ ಆಯುಸ್ಸು ಉಳಿದಿರುವಾಗಲೇ ಗಿಡ ಗದ್ದೆಯಲ್ಲಿರುತ್ತದೆ. ಕೈನಾಟಿಯ ಗದ್ದೆಯಲ್ಲಿ ಸೋತ ಮದ್ದು ಯಂತ್ರನಾಟಿಯ ಗದ್ದೆಯಲ್ಲಿ ಸ್ವಲ್ಪ ಗೆಲ್ಲಬಹುದು. ಎರಡನ್ನೂ ಬೇರೆ ಬೇರೆ ಪರೀಕ್ಷಿಸದೆ ಒಂದೇ ತೀರ್ಪು ಕೊಡುವುದು ತಪ್ಪು.

ಕೀಟದಿಂದ ಕೀಟಕ್ಕೂ ಉತ್ತರ ಬೇರೆ. ಬಿಸಿಲಿನಲ್ಲಿ ಒಣಗುವ ನೇಜಿಮಡಿಯಲ್ಲಿ ಎಲೆಯ ತುದಿ ಸುರುಟಿಸುವ ಥ್ರಿಪ್ಸ್‌ಗೆ ಬೀಜೋಪಚಾರ ಚೆನ್ನಾಗಿ ಹೊಂದುತ್ತದೆ, ಯಾಕೆಂದರೆ ಅದು ಬರುವುದೇ ಮೊದಲ ವಾರಗಳಲ್ಲಿ. ಹಾಲು ತುಂಬುವ ಕಾಳಿಗೆ ಬಾಯಿ ಹಾಕುವ ಬಂಬುಚ್ಚಿಗೆ ಬೀಜದ ಮದ್ದು ಎಂದೂ ತಲುಪದು. ಅಂಗಡಿಯಲ್ಲಿ 'ಎಲ್ಲ ಹುಳಕ್ಕೂ ಆಗ್ತದೆ' ಎನ್ನುವ ಮಾತು ಕೇಳಿಬಂದರೆ, ಯಾವ ಹುಳಕ್ಕೆ, ಎಷ್ಟನೇ ದಿನದವರೆಗೆ ಎಂದು ತಿರುಗಿ ಕೇಳಬೇಕು.

ಈ ಪ್ರಶ್ನೆಗೆ ಉತ್ತರ ಕೊಡಬಲ್ಲದ್ದು ಗದ್ದೆಯ ಪರೀಕ್ಷೆ ಮಾತ್ರ. 1965ರಲ್ಲಿ ಹೈದರಾಬಾದಿನಿಂದ ಶುರುವಾದ ಅಖಿಲ ಭಾರತ ಸಮನ್ವಯ ಭತ್ತ ಯೋಜನೆಯಲ್ಲಿ ದೇಶದ ಹಲವು ಕೇಂದ್ರಗಳು ಒಂದೇ ಕ್ರಮದಲ್ಲಿ ಇಂಥ ಪರೀಕ್ಷೆ ನಡೆಸುತ್ತ ಬಂದಿವೆ, ಮಂಡ್ಯದ ವಿ.ಸಿ. ಫಾರ್ಮ್, ಗಂಗಾವತಿ ಅವುಗಳಲ್ಲಿ ನಮ್ಮ ರಾಜ್ಯದವು. ಕ್ರಮ ಸರಳ. ಸಮನಾದ ಸಣ್ಣ ತಾಕುಗಳು. ಪ್ರತಿ ಮದ್ದಿಗೆ ಮೂರೋ ನಾಲ್ಕೋ ತಾಕು. ಯಾವ ಮದ್ದು ಯಾವ ತಾಕಿಗೆ ಎಂಬುದು ಚೀಟಿ ಎತ್ತಿದಂತೆ ನಿರ್ಧಾರ. ಏನೂ ಹಾಕದ ತಾಕು ಕಡ್ಡಾಯ. ನೆಟ್ಟ 30ನೇ ಮತ್ತು 50ನೇ ದಿನ ಪ್ರತಿ ತಾಕಿನಿಂದ ಹತ್ತಿಪ್ಪತ್ತು ಬುಡ ಆರಿಸಿ, ಒಟ್ಟು ತೆಂಡೆ ಎಷ್ಟು, ಕಣೆ ಎಷ್ಟು ಎಂದು ಎಣಿಸಿ ಶೇಕಡಾ ತೆಗೆಯುತ್ತಾರೆ. ಏನೂ ಹಾಕದ ತಾಕಿನಲ್ಲೇ ಕಣೆ ಕಾಣದ ವರ್ಷ ಯಾವ ಮದ್ದೂ ಗೆಲ್ಲಲಿಲ್ಲ, ಸೋಲಲೂ ಇಲ್ಲ. ಆ ವರ್ಷದ ಹಸಿರು ಗದ್ದೆಯ ಫೋಟೊ ತೋರಿಸಿ ಮದ್ದು ಮಾರುವುದು ನನಗೆ ಸಿಟ್ಟು ತರಿಸುವ ಸಂಗತಿ.

ಮಂಡ್ಯದ ಅಂಕಿ ಲಾಯಿಲಕ್ಕೆ ಹಾಗೇ ಹೊಂದುವುದಿಲ್ಲ. ಅಲ್ಲಿ ಕಾಲುವೆ ನೀರು, ಇಲ್ಲಿ ಆಕಾಶದ ನೀರು. ನಮ್ಮ ಬೈಲಿನಲ್ಲಿ ಮೇಲಿನ ಗದ್ದೆಯ ನೀರು ಕಟ್ಟಹುಣಿಯ ಕಂಡಿಯಿಂದ ಕೆಳಗಿನ ಗದ್ದೆಗೆ, ಅಲ್ಲಿಂದ ಮತ್ತೆ ಕೆಳಗಿನದಕ್ಕೆ ಇಳಿದು ತೋಡು ಸೇರುತ್ತದೆ. ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್ ನೀರಿನಲ್ಲಿ ಕರಗುವಂಥವು. ಮೇಲಿನ ತಾಕಿನ ಮದ್ದು ಕೆಳಗಿನ ತಾಕಿಗೆ ಹರಿದರೆ, 'ಏನೂ ಹಾಕದ' ತಾಕಿಗೂ ಮದ್ದು ಬಿತ್ತು, ಪರೀಕ್ಷೆ ಕೆಟ್ಟಿತು. ಇಲ್ಲಿ ಪರೀಕ್ಷೆ ಮಾಡುವವರು ಪ್ರತಿ ತಾಕಿಗೂ ಎತ್ತರದ ಹುಣಿ ಕಟ್ಟಿ, ನೀರು ಬರುವ ಹೋಗುವ ದಾರಿಯನ್ನು ಬೇರೆಬೇರೆ ಮಾಡಬೇಕು. ಬ್ರಹ್ಮಾವರದ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರ ಕರಾವಳಿಯ ಮಣ್ಣು ಮಳೆಯಲ್ಲೇ ಇರುವುದರಿಂದ, ನಮ್ಮ ರೈತರು ಮೊದಲು ಕಿವಿಗೊಡಬೇಕಾದದ್ದು ಅಲ್ಲಿನ ಅಂಕಿಗಳಿಗೆ.

ಹರಿದುಹೋಗುವ ಮದ್ದಿನ ಪ್ರಮಾಣ ಸಣ್ಣದಲ್ಲ. ಹಲವು ಬೆಳೆಗಳಲ್ಲಿ ಅಳೆದು 2003ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಗಿಡಕ್ಕೆ ಸೇರಿದ್ದು ಹಚ್ಚಿದ ಇಮಿಡಾಕ್ಲೋಪ್ರಿಡ್‌ನಲ್ಲಿ ಶೇ. 1.6ರಿಂದ 20 ಮಾತ್ರ. ಉಳಿದದ್ದು ಮಣ್ಣಿಗೆ, ನೀರಿಗೆ. ಜಪಾನಿನ ಶಿಂಜಿ ಸರೋವರದ ಸುತ್ತ ಭತ್ತದ ಗದ್ದೆಗಳಿವೆ. ಅಲ್ಲಿ 1993ರಲ್ಲಿ ಇಮಿಡಾಕ್ಲೋಪ್ರಿಡ್ ಬಳಕೆಗೆ ಬಂತು. ಬಳಿಕ ಸರೋವರದ ಸೂಕ್ಷ್ಮ ಪ್ರಾಣಿಗಳ ಪ್ರಮಾಣ ವಸಂತದಲ್ಲಿ ಶೇ. 83 ಇಳಿಯಿತು; ಅವನ್ನು ತಿನ್ನುವ ವಾಕಸಾಗಿ ಮೀನಿನ ಹಿಡುವಳಿ ವರ್ಷಕ್ಕೆ 240 ಟನ್ನಿನಿಂದ 22 ಟನ್ನಿಗೆ ಕುಸಿಯಿತು. 2019ರಲ್ಲಿ ಇದನ್ನು ಪ್ರಕಟಿಸಿದ ಸಂಶೋಧಕರು ಎರಡಕ್ಕೂ ನಂಟು ಕಂಡರು. ಅಮೆರಿಕದ ಲೂಸಿಯಾನದಲ್ಲಿ ಭತ್ತದ ಗದ್ದೆಯಲ್ಲೇ ಕ್ರಾಫಿಶ್ ಎಂಬ ಸಿಗಡಿಯಂಥ ಜೀವಿಯನ್ನೂ ಸಾಕುತ್ತಾರೆ. ಬೀಜಕ್ಕೆ ಫಿಪ್ರೊನಿಲ್ ಹಚ್ಚತೊಡಗಿದ ಮೇಲೆ ಅವು ಸತ್ತವೆಂದು ಸಾಕುವವರು ನ್ಯಾಯಾಲಯಕ್ಕೆ ಹೋದರು, 2004ರಲ್ಲಿ 4.5 ಕೋಟಿ ಡಾಲರಿನ ರಾಜಿಯಾಯಿತು. ನಮ್ಮ ಬೈಲಿನ ನೀರು ಕೊನೆಗೆ ಸೇರುವುದು ಸೋಮಾವತಿ, ನೇತ್ರಾವತಿಗಳಿಗೆ. ಗದ್ದೆಯ ಏಡಿ, ತೋಡಿನ ಮೀನು ಇಲ್ಲಿ ಇಂದಿಗೂ ಮನೆಯ ಊಟ. ಲಾಯಿಲದಲ್ಲಿ ಬೀಜೋಪಚಾರದ ಪರೀಕ್ಷೆ ಎಂದರೆ ಕಣೆಯ ಜೊತೆಗೆ ಏಡಿ, ಕಪ್ಪೆಮರಿಗಳನ್ನೂ ಎಣಿಸುವ ಪರೀಕ್ಷೆಯೇ ಆಗಬೇಕೆಂದು ನಾನು ಹಟ ಹಿಡಿಯುವುದು ಈ ಕಾರಣಕ್ಕೆ.

ಎಣಿಸಬೇಕಾದ ಇನ್ನೊಂದು ಜೀವಿ ಕಣ್ಣಿಗೆ ಬೀಳುವುದೇ ಕಷ್ಟ. ಪ್ಲಾಟಿಗ್ಯಾಸ್ಟರ್ ಒರೈಜೆ ಎಂಬ ಕಪ್ಪು ಕಣಜ ಕಣೆನೊಣದ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುತ್ತದೆ. ನೊಣದ ಮರಿ ಹುಟ್ಟಿ, ಸುಳಿ ಸೇರಿ, ಕಣೆಯನ್ನೂ ಮಾಡುತ್ತದೆ. ಒಳಗೆ ಕಣಜದ ಒಂದು ಮೊಟ್ಟೆ ಒಡೆದು ಹಲವಾಗಿ, ಹುಳುವನ್ನು ತಿಂದು ಮುಗಿಸಿ, ಒಂದೇ ಹುಳುವಿನಿಂದ ಡಜನುಗಟ್ಟಲೆ ಕಣಜ ಹೊರಬರುತ್ತವೆ. ಆ ಕಣೆ ಎಣಿಕೆಯಲ್ಲಿ ನಷ್ಟವಾಗಿ ಬರೆಯಲ್ಪಡುತ್ತದೆ, ಆದರೆ ಮುಂದಿನ ಪೀಳಿಗೆಯ ನೊಣ ಅದರಿಂದ ಹುಟ್ಟುವುದಿಲ್ಲ. ಕಣೆಯನ್ನು ಸೀಳಿ, ಜೀವಂತ ಹುಳು ಎಷ್ಟು, ಕಣಜ ತುಂಬಿದ್ದು ಎಷ್ಟು ಎಂದು ಬೇರೆ ಬರೆದರೆ ಮಾತ್ರ ಮದ್ದು ಒಳ್ಳೆಯ ಕಣಜಕ್ಕೂ ಕುತ್ತು ತಂದಿತೇ ಎಂದು ತಿಳಿಯುತ್ತದೆ.

ಹಿಂದೆ ಬೈಹುಲ್ಲಿನಿಂದ ಬಿಗಿದು ಕಟ್ಟಿದ ಬೀಜದ ಮುಡಿಯನ್ನು ಹಾಗೇ ಕೆರೆಗೆ ಇಳಿಸಿ ನೆನೆಸುತ್ತಿದ್ದರು. ಮದ್ದು ಹಚ್ಚಿ ಬಂದ ಬೀಜಕ್ಕೆ ಈ ರೂಢಿ ಸಲ್ಲದು. ನೆನೆಸಿದಾಗ ಮದ್ದು ನೀರಿಗೆ ಬಿಡುತ್ತದೆ. ಆ ನೀರನ್ನು ಬಾವಿಕಟ್ಟೆಯ ಬಳಿಯೋ ತೋಡಿಗೋ ಚೆಲ್ಲಿದರೆ ಅಪಾಯ. ಬಾಟಲಿಯ ಲೇಬಲ್ಲಿನಲ್ಲಿ ಭತ್ತದ ಬೀಜೋಪಚಾರ ಎಂದು ಬರೆದಿರದಿದ್ದರೆ ಅದನ್ನು ಭತ್ತಕ್ಕೆ ಬಳಸುವಂತಿಲ್ಲ. ಹತ್ತಿಗೆಂದು ಬಂದದ್ದು ಹತ್ತಿಗೇ ಇರಲಿ. ಉಳಿದ ಬೀಜವನ್ನು ಕೋಳಿಗೆ ಹಾಕಬಾರದು, ಅಕ್ಕಿ ಮಾಡಿಸಬಾರದು.

ಮದ್ದಿಲ್ಲದ ದಾರಿಯೂ ಪರೀಕ್ಷೆಯ ಒಂದು ತಾಕು ಆಗಲಿ. ಬೇಗ ನೆಟ್ಟ ಗದ್ದೆಯಲ್ಲಿ ತೆಂಡೆ ಒಡೆಯುವ ಕಾಲ ನೊಣ ಹೆಚ್ಚುವ ಮೊದಲೇ ಮುಗಿಯುತ್ತದೆ. ಕಣೆನೊಣವನ್ನು ತಡೆಯುವ ಗುಣ ಹುಟ್ಟಿನಿಂದಲೇ ಇರುವ ತಳಿಗಳಿವೆ. ಥಾಯ್ಲೆಂಡಿನ ಸಿಯಾಮ್ 29ರಿಂದ ಆ ಗುಣ ಪಡೆದ ಫಲ್ಗುಣ ಅವುಗಳಲ್ಲಿ ಹೆಸರಾದದ್ದು. ನೊಣವೂ ಸುಮ್ಮನಿಲ್ಲ, ಭಾರತದಲ್ಲಿ ಅದರ ಏಳು ಬಗೆಗಳನ್ನಾದರೂ ಗುರುತಿಸಿದ್ದಾರೆ. ಒಂದು ಬಗೆಗೆ ತಲೆಬಾಗದ ತಳಿ ಇನ್ನೊಂದಕ್ಕೆ ಬಾಗುತ್ತದೆ. ಆ ಕಾರಣಕ್ಕೂ ಪರೀಕ್ಷೆ ನಮ್ಮ ಬೈಲಿನಲ್ಲೇ ಆಗಬೇಕು.

ದೊಡ್ಡ ಕೇಂದ್ರದ ವರದಿಗೆ ಕಾಯದೆ ರೈತರೂ ಇದನ್ನು ಮಾಡಬಹುದು. ಒಂದೇ ಗದ್ದೆಯಲ್ಲಿ ಒಂದೇ ತಳಿ, ಒಂದೇ ದಿನದ ನಾಟಿ. ಒಂದು ಭಾಗ ಉಪಚಾರ ಮಾಡಿದ್ದು, ಒಂದು ಭಾಗ ಮಾಡದ್ದು, ನಡುವೆ ನೀರು ದಾಟದ ಹುಣಿ. ಬಿತ್ತುವ ಮೊದಲು ಎರಡರಿಂದಲೂ ನೂರು ಬೀಜ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ಮೊಳಕೆ ಎಣಿಸಿ. 80ಕ್ಕಿಂತ ಕಡಿಮೆ ಬಂದರೆ ತಪ್ಪು ಬೀಜದ್ದೋ ಮದ್ದಿನದ್ದೋ ಎಂಬುದು ಅಲ್ಲೇ ಗೊತ್ತಾಗುತ್ತದೆ. 30ನೇ, 50ನೇ ದಿನ ಕಣೆ ಎಣಿಸಿ. ಸಾಮಾನ್ಯ ಊರುಗಳಿಗೆ ನೂರು ತೆಂಡೆಗೆ 5 ಕಣೆ ಎಚ್ಚರಿಕೆಯ ಗೆರೆ. ಕಣೆನೊಣ ಬೇರೂರಿದ ನಮ್ಮಂಥ ಕಡೆ ಚದರ ಮೀಟರಿಗೆ ಒಂದು ಕಣೆ ಕಂಡರೂ ಗಮನ ಕೊಡಬೇಕು. ಕೊಯ್ಲಿನಲ್ಲಿ ಅಂಚಿನ ಸಾಲುಗಳನ್ನು ಬಿಟ್ಟು ಎರಡೂ ಭಾಗದ ಭತ್ತವನ್ನು ಬೇರೆ ಬೇರೆ ಒಣಗಿಸಿ ತೂಗಿ, ಹೆಚ್ಚು ಬಂದ ಭತ್ತದ ಬೆಲೆಯ ಪಕ್ಕದಲ್ಲಿ ಮದ್ದಿನ ಬಿಲ್ಲನ್ನು ಇಟ್ಟು ನೋಡಿ.