‘ಟೈಂಪಾಸ್’ ಎಂಬ ತಪ್ಪು ಲೆಕ್ಕ

ಪಾರ್ಕಿನಲ್ಲಿ ಗುಂಪು ಕಟ್ಟಿಕೊಂಡು ಕುಣಿಯುವವರನ್ನು, ಸಂಜೆ ಭಜನಾ ಮಂಡಳಿಯಲ್ಲಿ ತಾಳ ಹಿಡಿದು ಕೂತವರನ್ನು, ಭಾನುವಾರ ಸೈಕಲ್ ಹತ್ತಿ ಹೊರಟವರನ್ನು ಕಂಡರೆ ‘ಪಾಪ, ಮಾಡೋಕೆ ಬೇರೆ ಕೆಲಸ ಇಲ್ಲ’ ಎನ್ನುವವರು ಎಲ್ಲ ಊರಲ್ಲೂ ಇದ್ದಾರೆ. ಆರೋಗ್ಯಕ್ಕೆ ಆಸ್ಪತ್ರೆಯಿದೆ, ಜಿಮ್ ಇದೆ; ಇದೆಲ್ಲ ಬರೀ ಟೈಂಪಾಸ್, ಇದಕ್ಕೆ ನಗರಸಭೆ ದುಡ್ಡು ಸುರಿಯುವುದು ದಂಡ ಎಂಬುದು ಅವರ ವಾದ.

ಈ ವಾದಕ್ಕೆ ಐವತ್ತು ವರ್ಷಗಳಿಂದ ಉತ್ತರ ಕೊಡುತ್ತಿರುವ ಊರು ಕೊಲಂಬಿಯಾದ ರಾಜಧಾನಿ ಬೊಗೊಟಾ. 1974ರ ಡಿಸೆಂಬರ್ 15ರಂದು ಅಲ್ಲಿನ ಸೈಕಲ್ ಪ್ರಿಯರು ಕೆಲವು ರಸ್ತೆಗಳನ್ನು ಕೆಲ ಗಂಟೆಗಳ ಮಟ್ಟಿಗೆ ಮೋಟಾರು ವಾಹನಗಳಿಂದ ಬಿಡಿಸಿಕೊಂಡರು. ಪ್ರತಿಭಟನೆಯ ಧಾಟಿಯಲ್ಲಿ ಶುರುವಾದದ್ದು ‘ಸಿಕ್ಲೋವಿಯಾ’ ಎಂಬ ಹೆಸರಿನಲ್ಲಿ ಊರಿನ ವಾಡಿಕೆಯೇ ಆಯಿತು. ಈಗ ಭಾನುವಾರ ಮತ್ತು ರಜಾದಿನಗಳಲ್ಲಿ ಬೆಳಿಗ್ಗೆ 7ರಿಂದ ಮಧ್ಯಾಹ್ನ 2ರವರೆಗೆ 120 ಕಿಲೋಮೀಟರಿಗೂ ಹೆಚ್ಚು ಉದ್ದದ ರಸ್ತೆ ಜನರದ್ದು. ಪುಟ್ಟ ಸೈಕಲ್ಲಿನ ಮಕ್ಕಳು, ಸ್ಕೇಟಿಂಗಿನ ಹುಡುಗಿಯರು, ನಾಯಿ ಹಿಡಿದು ನಡೆಯುವ ಅಜ್ಜಂದಿರು, ಬದಿಯಲ್ಲಿ ಹಣ್ಣಿನ ರಸ ಮಾರುವವರು, ಪಂಕ್ಚರ್ ಹಾಕುವವರು. ಊರಿರುವುದು ಸಮುದ್ರಮಟ್ಟದಿಂದ 2,600 ಮೀಟರ್ ಎತ್ತರದಲ್ಲಿ, ಹೊಸಬರಿಗೆ ಸುಮ್ಮನೆ ನಡೆದರೂ ಏದುಸಿರು ಬರುತ್ತದೆ. ಜನ ಬರುವುದನ್ನಂತೂ ನಿಲ್ಲಿಸಿಲ್ಲ. 1995ರಲ್ಲಿ ಇದಕ್ಕೆ ‘ರೆಕ್ರಿಯೊವಿಯಾ’ ಜೊತೆಯಾಯಿತು: ಪಾರ್ಕಿನಲ್ಲಿ ವೇದಿಕೆ, ಸಂಗೀತ, ಹೇಳಿಕೊಡುವವರು, ಎಲ್ಲರಿಗೂ ಉಚಿತ ಏರೋಬಿಕ್ಸ್.

ಇನ್ನು ದಂಡದ ಮಾತು. 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಂಥ ಕಾರ್ಯಕ್ರಮಗಳ ಜಮಾಖರ್ಚು ತೆಗೆಯಿತು. ಬೊಗೊಟಾದಲ್ಲಿ ತಲೆಗೆ ವರ್ಷಕ್ಕೆ ತಗಲುವ ವೆಚ್ಚ ಸುಮಾರು 6 ಡಾಲರ್. ಹಾಕಿದ ಒಂದೊಂದು ಡಾಲರಿಗೂ ವೈದ್ಯಕೀಯ ಖರ್ಚಿನಲ್ಲಿ ಮೂರರಿಂದ ನಾಲ್ಕು ಡಾಲರ್ ಉಳಿತಾಯ. ಅದೇ ಅಧ್ಯಯನದಲ್ಲಿ ಶ್ರೀಮಂತ ಸ್ಯಾನ್ ಫ್ರಾನ್ಸಿಸ್ಕೊದ ತಲಾ ವೆಚ್ಚ 70 ಡಾಲರ್! ‘ಇವೆಲ್ಲ ದುಡ್ಡಿದ್ದ ದೇಶಗಳ ಶೋಕಿ’ ಎನ್ನುವವರು ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

ಬೆಂಗಳೂರಿನಲ್ಲೂ 2013ರಲ್ಲಿ ‘ಸೈಕಲ್ ಡೇ’ ಶುರುವಾಗಿ ಬಡಾವಣೆಯಿಂದ ಬಡಾವಣೆಗೆ ಹಬ್ಬಿತ್ತು. ಭಾನುವಾರ ವಾಹನಗಳಿಲ್ಲದ ಕಬ್ಬನ್ ಪಾರ್ಕನ್ನು ಕಂಡವರಿಗೆ ಇದರ ರುಚಿ ಗೊತ್ತು.

ಎರಡನೆಯ ನಂಬಿಕೆ ಕೈಗಡಿಯಾರಕ್ಕೇ ಅಂಟಿಕೊಂಡಿದೆ: ದಿನಕ್ಕೆ ಹತ್ತು ಸಾವಿರ ಹೆಜ್ಜೆ ಹಾಕದಿದ್ದರೆ ನಡೆದದ್ದೆಲ್ಲ ವ್ಯರ್ಥ. ಈ ಸಂಖ್ಯೆ ಹುಟ್ಟಿದ್ದು ಪ್ರಯೋಗಾಲಯದಲ್ಲಲ್ಲ, ಟೋಕಿಯೊ ಒಲಿಂಪಿಕ್ಸಿನ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಮಾರಿದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಲ್ಲಿ. 2019ರಲ್ಲಿ ಅಮೆರಿಕದ ವಯಸ್ಸಾದ ಹೆಂಗಸರ ಮೇಲೆ ನಡೆದ ಅಧ್ಯಯನದಲ್ಲಿ ದಿನಕ್ಕೆ ಸುಮಾರು 4,400 ಹೆಜ್ಜೆ ನಡೆದವರಲ್ಲೇ ಸಾವಿನ ಪ್ರಮಾಣ ಕಡಿಮೆ ಕಂಡಿತು. 7,500ರ ಆಚೆಗೆ ಹೆಚ್ಚಿನ ಲಾಭ ಕಾಣಲಿಲ್ಲ. ಒಂದೇ ಸಮನೆ ಹತ್ತು ನಿಮಿಷವಾದರೂ ಮಾಡಿದರೆ ಮಾತ್ರ ಲೆಕ್ಕ ಎಂಬ ಹಳೆಯ ಷರತ್ತನ್ನೂ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೈಬಿಟ್ಟಿದೆ. ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಚಟುವಟಿಕೆ ಸಾಕು, ಅದನ್ನು ಹೇಗೆ ಹಂಚಿಕೊಂಡರೂ ಸರಿ.

‘ದಿನವಿಡೀ ಮನೆಗೆಲಸ ಮಾಡುವ ಹೆಂಗಸಿಗೆ ಬೇರೆ ವ್ಯಾಯಾಮ ಯಾಕೆ?’ ಈ ಮಾತಿನಲ್ಲಿ ಅರ್ಧ ಸತ್ಯವಿದೆ. ನೀರು ಹೊರುವುದು, ನೆಲ ಒರೆಸುವುದು ಲೆಕ್ಕಕ್ಕೆ ಬರುತ್ತವೆ. ಆದರೆ ಇಂಥ ಕೆಲಸಗಳನ್ನು ಸೇರಿಸಿಕೊಂಡೇ ಮಾಡಿದ, 2024ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ನಲ್ಲಿ ಪ್ರಕಟವಾದ ಅಂದಾಜಿನಂತೆ, ಭಾರತದಲ್ಲಿ ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲದ ಗಂಡಸರು ಶೇ. 42, ಹೆಂಗಸರು ಶೇ. 57. ಹೆಂಗಸರು ದಣಿಯುತ್ತಾರೆ, ಆ ದಣಿವೆಲ್ಲ ದೇಹಕ್ಕೆ ಬೇಕಾದ ಬಗೆಯದ್ದಲ್ಲ. ಬಿಡುವು, ದುಡ್ಡು, ಸುರಕ್ಷಿತ ಜಾಗ ಮೂರೂ ಅವರಿಗೇ ಕಡಿಮೆ. ಬೊಗೊಟಾದ ರೆಕ್ರಿಯೊವಿಯಾಕ್ಕೆ ಬರುವವರಲ್ಲಿ ಹೆಂಗಸರೇ ಹೆಚ್ಚು ಎಂಬುದರ ಗುಟ್ಟೂ ಇದರಲ್ಲೇ ಇರಬೇಕು: ಶುಲ್ಕವಿಲ್ಲ, ಮನೆಗೆ ಹತ್ತಿರ, ಸುತ್ತ ನಾಲ್ಕು ಜನ.

ಮಕ್ಕಳ ವಿಷಯಕ್ಕೆ ಬಂದರೆ, ಎಸ್ಸೆಸ್ಸೆಲ್ಸಿ ಹತ್ತಿರವಾದಂತೆ ಪಿ.ಟಿ. ಪೀರಿಯಡ್ಡನ್ನು ಗಣಿತದ ಮೇಷ್ಟ್ರು ನುಂಗುವುದು ನಮ್ಮ ಶಾಲೆಗಳ ಸಂಪ್ರದಾಯ. ಆಟದಿಂದ ಅಂಕ ಹೋಗುತ್ತದೆಂಬ ಭಯ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2010ರಲ್ಲಿ 50 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿತು. ಶಾಲೆಯ ಆಟ-ವ್ಯಾಯಾಮಕ್ಕೂ ಓದಿಗೂ ಇರುವ ನಂಟುಗಳಲ್ಲಿ ಅರ್ಧದಷ್ಟು ಅನುಕೂಲಕರ, ಉಳಿದವುಗಳಲ್ಲಿ ಬಹುಪಾಲು ಅತ್ತಲೂ ಇಲ್ಲ ಇತ್ತಲೂ ಇಲ್ಲ, ಪ್ರತಿಕೂಲವಾದದ್ದು ಶೇ. 1.5 ಮಾತ್ರ. ಮೇಷ್ಟ್ರು ಪೀರಿಯಡ್ ವಾಪಸ್ ಕೊಡಬಹುದು.

ಮುದುಕರಿಗೆ ವಿಶ್ರಾಂತಿಯೇ ಔಷಧ ಎಂಬುದು ಎಲ್ಲಕ್ಕಿಂತ ಹಟಮಾರಿ ನಂಬಿಕೆ, ಪ್ರೀತಿಯ ವೇಷದಲ್ಲಿ ಬರುವಂಥದ್ದು. ‘ನೀವು ಕೂತ್ಕೊಳ್ಳಿ ಅಜ್ಜಿ, ನಾವು ಮಾಡ್ತೀವಿ’ ಎನ್ನುತ್ತ ಮನೆಯವರೇ ಅವರ ಕಾಲಿನ ಬಲ ಕರಗಿಸುತ್ತಾರೆ. 1990ರಲ್ಲಿ ಬಾಸ್ಟನ್ನಿನ ಆರೈಕೆ ಕೇಂದ್ರವೊಂದರಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಕೊನೆತನಕ ಉಳಿದ ಒಂಬತ್ತು ಮಂದಿಯ ಕಾಲಿನ ಶಕ್ತಿ ಸರಾಸರಿ ಶೇ. 174ರಷ್ಟು ಏರಿತ್ತು. 65 ದಾಟಿದವರು ವಾರಕ್ಕೆ ಮೂರು ದಿನವಾದರೂ ದೇಹದ ಸಮತೋಲ ಮತ್ತು ಬಲ ಹೆಚ್ಚಿಸುವ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಬಿದ್ದು ಮೂಳೆ ಮುರಿಯಬಾರದೆಂದೇ. ಹೃದ್ರೋಗ, ಮಂಡಿನೋವು ಇದ್ದವರು ವೈದ್ಯರನ್ನು ಕೇಳಿ ಶುರುಮಾಡಬೇಕು ಎನ್ನುವುದು ಬೇರೆ ಮಾತು.

ಕುಣಿತ, ಹಾಡು, ಚೌಕಾಬಾರಗಳ ಕತೆಯೇನು? ನ್ಯೂಯಾರ್ಕಿನ ಬ್ರಾಂಕ್ಸಿನಲ್ಲಿ 75 ದಾಟಿದ 469 ಮಂದಿಯನ್ನು ಗಮನಿಸಿದ 2003ರ ಅಧ್ಯಯನದಲ್ಲಿ ಓದು, ಮಣೆಯಾಟ, ವಾದ್ಯ ನುಡಿಸುವುದು ಮತ್ತು ನೃತ್ಯ ರೂಢಿಯಲ್ಲಿದ್ದವರಿಗೆ ಮರೆವಿನ ಕಾಯಿಲೆ ಬರುವ ಸಾಧ್ಯತೆ ಕಡಿಮೆಯಿತ್ತು. ಆದರೆ ಮಿದುಳು ಚುರುಕಾಗಿರುವವರೇ ಹೆಚ್ಚು ಕುಣಿಯುತ್ತಿರಲೂಬಹುದು. ಗಮನಿಸುವ ಅಧ್ಯಯನಗಳು ಕಾರ್ಯಕಾರಣವನ್ನು ಪೂರ್ತಿ ಬಿಡಿಸಲಾರವು. ಹಾಗಾಗಿ ನಗೆಕೂಟಕ್ಕೆ ಸೇರಿ ಬಿಪಿ ಮಾತ್ರೆ ಬಿಟ್ಟೆ ಎನ್ನುವವರ ಮಾತು ನಂಬತಕ್ಕದ್ದಲ್ಲ. ಒಡನಾಟದ ಬಗ್ಗೆ ಮಾತ್ರ ಆಧಾರ ಗಟ್ಟಿಯಾಗಿದೆ: ಮೂರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯಿರುವ 148 ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2010ರ ವಿಶ್ಲೇಷಣೆಯಲ್ಲಿ, ಗಟ್ಟಿ ಒಡನಾಟ ಉಳ್ಳವರು ಬದುಕುಳಿಯುವ ಸಾಧ್ಯತೆ ಶೇ. 50ರಷ್ಟು ಹೆಚ್ಚಿತ್ತು.

ಕೊನೆಯದು ಆಡಳಿತಗಳ ತಪ್ಪು ಕಲ್ಪನೆ. ವರ್ಷಕ್ಕೊಂದು ಮ್ಯಾರಥಾನ್, ಜೂನ್ 21ಕ್ಕೆ ಮೈದಾನ ತುಂಬ ಯೋಗ, ಮರುದಿನ ಪತ್ರಿಕೆಯಲ್ಲಿ ಫೋಟೊ. ದೇಹ ಫೋಟೊ ನೋಡಿ ಸುಧಾರಿಸುವುದಿಲ್ಲ. ಅಭ್ಯಾಸ ನಿಂತ ಕೆಲವೇ ವಾರಗಳಲ್ಲಿ ಗಳಿಸಿದ ಬಲ ಇಳಿಯತೊಡಗುತ್ತದೆ. ಜಪಾನಿನ ರೇಡಿಯೊ ವ್ಯಾಯಾಮ 1928ರಲ್ಲಿ ಶುರುವಾದದ್ದು. ಯುದ್ಧದ ನಂತರ ಕೆಲವು ವರ್ಷ ನಿಂತು 1951ರಲ್ಲಿ ಮರಳಿ ಬಂತು, ಇವತ್ತಿಗೂ ಬೆಳಿಗ್ಗೆ 6.30ಕ್ಕೆ ಬಿತ್ತರವಾಗುತ್ತದೆ. ಬೇಸಿಗೆ ರಜೆಯಲ್ಲಿ ಮಕ್ಕಳು ಹಾಜರಾತಿ ಚೀಟಿಗೆ ಮುದ್ರೆ ಹಾಕಿಸಿಕೊಳ್ಳಲು ಬರುತ್ತಾರೆ, ಅವರ ಜೊತೆಗೆ ಅಜ್ಜ-ಅಜ್ಜಿಯರು. ಒಂದು ವರಸೆ ಮುಗಿಯಲು ಬೇಕಾದದ್ದು ಮೂರು ನಿಮಿಷ. ನಮ್ಮ ವಾರ್ಡುಗಳಲ್ಲಿ ಪಾರ್ಕು ಇದೆ, ಮೈಕು ಇದೆ, ಉತ್ಸಾಹಿಗಳೂ ಇದ್ದಾರೆ. ಬೊಗೊಟಾದಂತೆ ಸಂಬಳ ಕೊಟ್ಟು ಶಿಕ್ಷಕರನ್ನು ನೇಮಿಸಿಕೊಳ್ಳುವ ಏರ್ಪಾಡು ಹೆಚ್ಚಿನ ಕಡೆ ಇಲ್ಲದಿರುವುದರಿಂದ, ಗುಂಪು ಕಟ್ಟಿದ ಆ ಒಬ್ಬರು ಮನೆ ಬದಲಿಸಿದರೆಂದರೆ ಗುಂಪೂ ಚದುರುತ್ತದೆ.