ಕೊಕ್ಕು ನೋಡಿ, ಕಾಲು ನೋಡಿ, ಆಮೇಲೆ ಪಟಾಕಿ ಹಚ್ಚಿ

ಮಡಕಶಿರಾ, ಹಿಂದೂಪುರ ಸೀಮೆಯಲ್ಲಿ ಕೆರೆಯಂಚಿಗೆ ನಿಂತ ಉದ್ದ ಕಾಲಿನ ಹಕ್ಕಿಗೆ ಎರಡೇ ಹೆಸರು. ಮನೆಯಲ್ಲಿ ಕನ್ನಡವಾದರೆ ಕೊಕ್ಕರೆ, ಸಂತೆಯಲ್ಲಿ ತೆಲುಗಾದರೆ ಕೊಂಗ. ಬೆಳ್ಳಗಿರಲಿ, ಬೂದಿಬಣ್ಣವಿರಲಿ, ಎಲ್ಲಕ್ಕೂ ಅದೇ. ವ್ಯವಹಾರಕ್ಕೆ ಅಷ್ಟು ಸಾಕಾಗಿತ್ತು. ಆದರೆ ಕೆರೆಯ ಮೀನು ಹರಾಜು ಹಿಡಿದವರು ಹಕ್ಕಿ ಓಡಿಸಲು ಪಟಾಕಿ ಹಚ್ಚತೊಡಗಿದರೆ, ಮೀನು ತಿನ್ನುವುದು ಯಾವುದು, ಗದ್ದೆಯ ಹುಳು ತಿನ್ನುವುದು ಯಾವುದು ಎಂಬ ಲೆಕ್ಕ ರೈತನಿಗೂ ಬೇಕಾಗುತ್ತದೆ.

ನನ್ನದು ಹುಣಸೆಹಣ್ಣಿನ ವ್ಯಾಪಾರ. ಹಿಂದೂಪುರದ ಮಂಡಿಗೆ ಮಾಲು ಹೊಂದಿಸಲು ಬೇಸಿಗೆ ಮೊದಲಾಗುವಾಗ ಚಿಲಮತ್ತೂರು ಕಡೆ ತಿರುಗುತ್ತೇನೆ. ಅಲ್ಲಿನ ವೀರಾಪುರದಲ್ಲಿ ಮನೆಗಳ ಪಕ್ಕದ ಹುಣಸೆಮರಗಳಲ್ಲೇ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿ ಮರಿ ಮಾಡುತ್ತವೆ. ಒಂದು ಮರದ ಫಸಲಿಗೆ ಮಾತಾಡಲು ಹೋದಾಗ ಹಿರಿಯ ರೈತರೊಬ್ಬರು, "ಇದೊಂದು ಮರ ಬಿಟ್ಬಿಡಿ ಸ್ವಾಮಿ, ಮೇಲೆ ಬಾಣಂತಿಯರವ್ರೆ" ಅಂದರು. ವ್ಯಾಪಾರ ಕುದುರಲಿಲ್ಲ, ಪಾಠ ಸಿಕ್ಕಿತು. "ಬಣ್ಣ ಆಮೇಲೆ ನೋಡಿ. ಮೊದ್ಲು ಕೊಕ್ಕು, ಆಮೇಲೆ ಕಾಲು, ಹಾರುವಾಗ ಕತ್ತು."

ಅವರ ಮಾತಿನಲ್ಲಿ ಹುರುಳಿದೆ. ಬಣ್ಣ ವಯಸ್ಸಿಗೂ ಕಾಲಕ್ಕೂ ಬದಲಾಗುತ್ತದೆ. ಬಣ್ಣದ ಕೊಕ್ಕರೆಯ ಬೆನ್ನಿನ ತುದಿಯ ಗುಲಾಬಿ, ಮುಖದ ಕಿತ್ತಳೆ, ಎದೆಯ ಕರಿ ಪಟ್ಟಿ ಇವೆಲ್ಲ ಬೆಳೆದ ಹಕ್ಕಿಗೆ ಮಾತ್ರ. ಮರಿ ಬರೀ ಮಾಸಲು ಕಂದು. ದೊಡ್ಡ ಬೆಳ್ಳಕ್ಕಿಯ ಹಳದಿ ಕೊಕ್ಕು ಮರಿ ಮಾಡುವ ಕಾಲಕ್ಕೆ ಕರ್ರಗಾಗುತ್ತದೆ.

ಕತ್ತು ಹಾಗಲ್ಲ. ಹಾರುವಾಗ ಕತ್ತನ್ನು ಮಡಚಿ ಭುಜಕ್ಕೆ ಸೇರಿಸಿಕೊಂಡರೆ ಅದು ಬಕ ಅಥವಾ ಬೆಳ್ಳಕ್ಕಿ. ನೆಟ್ಟಗೆ ಮುಂದಕ್ಕೆ ಚಾಚಿದರೆ ಕೊಕ್ಕರೆ, ಕೆಂಬರಲು, ಚಮಚದ ಕೊಕ್ಕು, ಈ ಮೂರರಲ್ಲೊಂದು. ಅರ್ಧ ಕೆಲಸ ಅಲ್ಲಿಗೇ ಮುಗಿಯಿತು.

ಉಳಿದರ್ಧಕ್ಕೆ ಕೊಕ್ಕು. ಅದೇ ಅವುಗಳ ಕಸುಬಿನ ಹತ್ಯಾರ. ಕುಡುಗೋಲಿನಂತೆ ಬಾಗಿದ್ದು, ಬಿಳಿ ಮೈಗೆ ಕರಿ ಬೋಳುತಲೆ ಇದ್ದರೆ ಬಿಳಿ ಕೆಂಬರಲು. ಕೆಸರಿನೊಳಗೆ ಚುಚ್ಚಿ ಚುಚ್ಚಿ ಹುಡುಕುತ್ತದೆ. ತುದಿ ಸಟ್ಟುಗದಂತೆ ಚಪ್ಪಟೆಯಾದರೆ ಚಮಚದ ಕೊಕ್ಕು. ಬಾಯ್ಕಳಕನದು ವಿಚಿತ್ರ, ಕೊಕ್ಕು ಮುಚ್ಚಿದರೂ ನಡುವೆ ಸಂದು, ಥೇಟ್ ಅಡಕತ್ತರಿ. ಬಸವನಹುಳುವನ್ನು ಚಿಪ್ಪಿನಿಂದ ಬಿಡಿಸಿ ತಿನ್ನುವುದೇ ಅದರ ಬದುಕು. ಭತ್ತದ ಮಡಿಯಲ್ಲಿ ಅದನ್ನು ಕಂಡರೆ ಸುಮ್ಮನಿರಿ, ಕೂಲಿ ಕೇಳದ ಆಳು. ಎಳೆಯ ಹಕ್ಕಿಗೆ ಆ ಸಂದು ಇರುವುದಿಲ್ಲ, ನೆನಪಿರಲಿ.

ತಲೆಬಿಸಿ ಬೆಳ್ಳಕ್ಕಿಗಳದು. ಇಲ್ಲಿ ಕಾಲು ನೋಡಬೇಕು. ಕರಿ ಕಾಲು, ಹಳದಿ ಬೆರಳು ಇದ್ದರೆ ಸಣ್ಣ ಬೆಳ್ಳಕ್ಕಿ. ಕರಿ ಪ್ಯಾಂಟಿಗೆ ಹಳದಿ ಚಪ್ಪಲಿ ಮೆಟ್ಟಿದ ಹಾಗೆ. ದನದ ಹಿಂದೆ, ನೇಗಿಲ ಹಿಂದೆ ಬರುವ ಗಿಡ್ಡನೆಯದು ಗೋವಕ್ಕಿ. ಅದಕ್ಕೆ ಮಿಡತೆಯೇ ಮುಖ್ಯ. ಬೆಳಗ್ಗೆ ಬಿಸಿಲು ಬೆನ್ನಿಗೆ ಬೀಳುವಂತೆ ಏರಿಯ ಮೇಲೆ ನಿಲ್ಲಿ, ಎದುರು ಬಿಸಿಲಿಗೆ ಎಲ್ಲ ಕಾಲೂ ಕರ್ರಗೇ ಕಾಣುತ್ತವೆ. ಗುಲಾಬಿ ಕಡ್ಡಿಯಂಥ ಕಾಲಿನ ಮೆಟ್ಟುಗಾಲು ಹಕ್ಕಿಯನ್ನು ಮಕ್ಕಳೂ ಗುರುತಿಸುತ್ತಾರೆ. ಚಳಿಗಾಲಕ್ಕೆ ಉತ್ತರದಿಂದ ಬರುವ ಗೊರವಗಳಲ್ಲಿ ಹೆಚ್ಚಿನವು ಕಂದುಕಂದಾಗಿ ಒಂದೇ ಥರ. ಮೊದಲ ವರ್ಷವೇ ಅವುಗಳ ತಂಟೆಗೆ ಹೋಗಬೇಡಿ.

ಇನ್ನು ಮೀನಿನ ವಿಷಯ. ಬಣ್ಣದ ಕೊಕ್ಕರೆ ಮೀನು ತಿನ್ನುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಅದರ ಊಟವೇ ಮೀನು. ಆದರೆ ಅದು ತೆಳುನೀರಿನಲ್ಲಿ ಕೊಕ್ಕನ್ನು ಅರ್ಧ ತೆರೆದು ಅತ್ತಿತ್ತ ಆಡಿಸುತ್ತಾ, ಕಾಲಿನಿಂದ ಕೆಸರು ಕದಡುತ್ತಾ ಹೋಗುತ್ತದೆ; ತಗುಲಿದ್ದನ್ನು ಕಚ್ಚುತ್ತದೆ. ಆಳದ ನೀರಿಗೆ ಮುಳುಗಿ ಮೀನನ್ನು ಅಟ್ಟಿ ಹಿಡಿಯುವುದು ನೀರುಕಾಗೆ. ಅದರ ಕಾಲು ಗಿಡ್ಡ, ಬೆರಳಿಗೆ ಬಾತುಕೋಳಿಯಂತೆ ಪೊರೆ.

ಇದನ್ನೆಲ್ಲ ನಮ್ಮ ಕಡೆಯ ಒಬ್ಬ ಹರಾಜುದಾರರಿಗೆ ಹೇಳಿದೆ. ಇವುಗಳ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ ಎಂಬುದನ್ನೂ ಸೇರಿಸಿದೆ. "ಕಾಯ್ದೆ ಇರ್ಲಿ ಅಣ್ಣಾ, ನಂ ದುಡ್ಡಿನ ಕತೆ ಏನು?" ಅಂದರು. ನ್ಯಾಯವಾದ ಪ್ರಶ್ನೆಯೇ. ಬೆರಳುದ್ದದ ಮರಿ ಬಿಟ್ಟರೆ ಎಲ್ಲ ಕೊಕ್ಕಿಗೂ ತುತ್ತು. ಗೇಣುದ್ದ ಬೆಳೆಸಿ ಬಿಟ್ಟರೆ ಹೆಚ್ಚಿನ ಹಕ್ಕಿಗೆ ನುಂಗಲಾಗದು. ಮರಿಯ ಖರ್ಚು ಜಾಸ್ತಿ, ಪಟಾಕಿಯ ಖರ್ಚು ಉಳಿತಾಯ. ಅವರಿನ್ನೂ ಲೆಕ್ಕ ಹಾಕುತ್ತಿದ್ದಾರೆ.